ಬೆಳಿಗ್ಗೆ ಕೈ ಎಷ್ಟು ಹೊತ್ತಿಗೆ ಬಿಡುತ್ತದೆ?

ಸಿದ್ದಾಪುರದ ಕಡೆ, ಕಾಫಿ ತೋಟಗಳ ನಡುವೆ ನನ್ನ ಚಿಕ್ಕ ಕ್ಲಿನಿಕ್ ಇದೆ. ಜ್ವರ, ಸಕ್ಕರೆ ಕಾಯಿಲೆ, ಕತ್ತಿ ತಗುಲಿದ ಗಾಯ, ಯಾವುದಕ್ಕೂ ಜನ ಮೊದಲು ಬರುವುದು ಇಲ್ಲಿಗೇ. ಮಳೆಗಾಲದಲ್ಲಂತೂ ಕೊಡಗಿನಲ್ಲಿ ಕೈಕಾಲು ಹಿಡಿದುಕೊಂಡಿದೆ ಎನ್ನದವರೇ ಅಪರೂಪ. ಆ ಮಾತು ಕೇಳಿ ಕೇಳಿ ನನ್ನ ಕಿವಿ ಮರಗಟ್ಟಿತ್ತು.

ಹಾಗೆ ಹೇಳಿಕೊಂಡು ಬಂದವರಲ್ಲಿ ತೋಟದ ಕೆಲಸಗಾರರ ಲೈನ್ ಮನೆಯ ಒಬ್ಬ ಹೆಂಗಸು ಇದ್ದರು, ನಲವತ್ತರ ಆಸುಪಾಸು. ಹದಿನಾಲ್ಕು ತಿಂಗಳು ನಾನೇ ನೋಡಿದೆ. ನೋವಿನ ಮಾತ್ರೆ ಕೊಟ್ಟೆ, ನೋವು ಜೋರಾದಾಗ ಸ್ಟಿರಾಯ್ಡ್ ಚುಚ್ಚಿದೆ. ಚುಚ್ಚಿದ ಮರುದಿನ ಅವರು ಕೆಲಸಕ್ಕೆ ಹೋಗುತ್ತಿದ್ದರು, ನನ್ನ ಕೈಗುಣವನ್ನು ಹೊಗಳುತ್ತಿದ್ದರು. ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತ ಪರೀಕ್ಷೆ ನೆಗೆಟಿವ್ ಬಂದಿತ್ತು. ಅಲ್ಲಿಗೆ ನಾನು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆಯ ಯೋಚನೆಯನ್ನೇ ಬಿಟ್ಟಿದ್ದೆ. ಮೈಸೂರಿನ ಕೀಲುರೋಗ ತಜ್ಞರೊಬ್ಬರು ನೋಡುವ ಹೊತ್ತಿಗೆ ಎಕ್ಸ್‌ರೇಯಲ್ಲಿ ಮೂಳೆ ಸವೆದ ಗುರುತುಗಳಿದ್ದವು, ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿದ್ದವು. ಆ ತಜ್ಞರು ನನ್ನನ್ನು ಬೈಯಲಿಲ್ಲ. ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಅವರ ಕೈ ಹಿಡಿದು ನೋಡಿದ್ದಿರಾ?"

ನೋಡಿರಲಿಲ್ಲ. ನಾಡಿ ಹಿಡಿದಿದ್ದೆ, ಗೆಣ್ಣುಗಳನ್ನು ಮುಟ್ಟಿರಲಿಲ್ಲ.

ಮತ್ತೆ ಓದಲು ಕುಳಿತೆ. ಎಂಬಿಬಿಎಸ್‌ನಲ್ಲಿ ಈ ಕಾಯಿಲೆಯ ಪಾಠ ಒಂದೆರಡು ತರಗತಿಗಳಲ್ಲಿ ಮುಗಿದುಹೋಗಿತ್ತು. ನೆನಪಿನಲ್ಲಿ ಉಳಿದದ್ದು ಸೊಟ್ಟ ಬೆರಳುಗಳ ಚಿತ್ರ ಮಾತ್ರ. ಆ ಚಿತ್ರ ಕಾಣುವ ತನಕ ಕಾದರೆ ತಡವಾದಂತೆಯೇ. ರುಮಟಾಯ್ಡ್ ಆರ್ಥ್ರೈಟಿಸ್ ಶುರುವಾದ ಮೊದಲ ಮೂರರಿಂದ ಆರು ತಿಂಗಳಲ್ಲಿ ಸರಿಯಾದ ಔಷಧ ಸಿಕ್ಕರೆ ಕೀಲುಗಳು ಉಳಿಯುವ ಸಾಧ್ಯತೆ ಬಹಳ ಹೆಚ್ಚು. ಆ ತಿಂಗಳುಗಳು ಕಳೆಯುವುದು ತಜ್ಞರ ಬಳಿಯಲ್ಲ, ನಮ್ಮಂಥವರ ಬೆಂಚಿನ ಮೇಲೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕುಯಿಲಿನ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಅಷ್ಟು ದೂರ ಹೋಗಿ ಎನ್ನಬೇಕಾದರೆ ಹೇಳುವವರಿಗೇ ಮೊದಲು ಖಾತ್ರಿ ಇರಬೇಕು.

ಮೊದಲು ಬದಲಾದದ್ದು ನಾನು ಕೇಳುವ ಪ್ರಶ್ನೆ. ಬೆಳಗಿನ ಬಿಗಿತ ಎಷ್ಟು ನಿಮಿಷ ಎಂದರೆ ತೋಟದವರಿಗೆ ಉತ್ತರ ಹೊಳೆಯುವುದಿಲ್ಲ. "ರೊಟ್ಟಿ ಹಿಟ್ಟು ನಾದಲು ಆಗುತ್ತದೆಯೇ? ಕೆಲಸಕ್ಕೆ ಹೊರಡುವ ಹೊತ್ತಿಗೆ ಕೈ ಬಿಟ್ಟಿರುತ್ತದೆಯೇ?" ಎಂದು ಕೇಳತೊಡಗಿದೆ. ದುಡಿದು ದಣಿದ ಕೀಲು ಸಂಜೆ ನೋಯುತ್ತದೆ, ಕುಳಿತರೆ ತಣಿಯುತ್ತದೆ. ಈ ಕಾಯಿಲೆಯ ಕೀಲು ವಿಶ್ರಾಂತಿಯ ನಂತರವೇ ಬಿಗಿಯುತ್ತದೆ, ಬೆಳಿಗ್ಗೆ ಅರ್ಧ ಗಂಟೆ, ಒಂದು ಗಂಟೆ ಮೀರಿಯೂ ಬಿಡುವುದಿಲ್ಲ.

ಆಮೇಲೆ ಕೈ. ರೋಗಿಯ ಅಂಗೈಯನ್ನು ನನ್ನ ಕೈಯೊಳಗೆ ತೆಗೆದುಕೊಂಡು, ಬೆರಳುಗಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಅಮುಕುತ್ತೇನೆ. ಆ ಗಳಿಗೆಯಲ್ಲಿ ಮುಖವನ್ನು ನೋಡಬೇಕು. ಬಾಯಿ ಹೇಳುವ ಮುಂಚೆ ಹುಬ್ಬು ಹೇಳುತ್ತದೆ. ಬಳಿಕ ಒಂದೊಂದೇ ಗೆಣ್ಣನ್ನು ಎರಡು ಬೆರಳುಗಳಲ್ಲಿ ಹಿಡಿಯುತ್ತೇನೆ. ವಯಸ್ಸಿನ ಸವೆತದ ಗಂಟು ಹಸಿ ಕಾಫಿ ಕಾಯಿಯಂತೆ ಗಟ್ಟಿ, ಹೆಚ್ಚಾಗಿ ಉಗುರಿನ ಪಕ್ಕದ ಕೀಲಿನಲ್ಲಿ ಇರುತ್ತದೆ. ರುಮಟಾಯ್ಡ್ ಊತ ಬೆರಳಿನ ಬುಡ ಮತ್ತು ನಡುವಿನ ಗೆಣ್ಣುಗಳಲ್ಲಿ, ಮಣಿಕಟ್ಟಿನಲ್ಲಿ, ಎರಡೂ ಕೈಗಳಲ್ಲಿ. ಹಣ್ಣಾದ ಕಾಫಿಯನ್ನು ಒತ್ತಿದಂತೆ ಮೆತ್ತಗೆ. ಉಗುರಿನ ಪಕ್ಕದ ಕೀಲನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಪಾದದ ಬೆರಳುಗಳ ಬುಡವನ್ನೂ ಹೀಗೆಯೇ ಅಮುಕಿ ನೋಡಬೇಕು. ಗಂಬೂಟು ಬಿಚ್ಚಿಸಲು ಬೇಸರಪಟ್ಟು ಇದನ್ನು ಬಿಡುವವರೇ ಹೆಚ್ಚು.

ಒಬ್ಬನೇ ಕಲಿತರೆ ಸಾಲದು ಅನ್ನಿಸಿತು, ಏಕೆಂದರೆ ನನ್ನಲ್ಲಿಗೆ ಬರುವವರು ನಾಳೆ ಇನ್ನೊಂದು ಕ್ಲಿನಿಕ್ಕಿಗೆ ಹೋಗುತ್ತಾರೆ. ಸುತ್ತಲಿನ ಏಳು ಮಂದಿ ವೈದ್ಯರು ತಿಂಗಳಿಗೊಂದು ಸಂಜೆ ಸೇರತೊಡಗಿದೆವು. ಒಪ್ಪಿ ಬಂದ ಇಬ್ಬರು ಮೂವರು ರೋಗಿಗಳು, ಅವರ ಹಳೆಯ ಚೀಟಿಗಳು, ಫೋನಿನಲ್ಲಿ ಮೈಸೂರಿನ ಆ ತಜ್ಞರು. ಹಳೆಯ ಚೀಟಿಗಳನ್ನು ಹರಡಿದಾಗ ನಮ್ಮೆಲ್ಲರ ತಪ್ಪುಗಳೂ ಒಂದೇ ಬಗೆಯವು ಎಂದು ಗೊತ್ತಾಯಿತು. ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಬರುವುದು ಶೇಕಡಾ 70ರಿಂದ 80 ರೋಗಿಗಳಲ್ಲಿ ಮಾತ್ರ, ಆರಂಭದಲ್ಲಿ ಇನ್ನೂ ಕಡಿಮೆ. ಆರೋಗ್ಯವಂತ ವೃದ್ಧರಲ್ಲೂ ಅದು ಪಾಸಿಟಿವ್ ಬರಬಹುದು. ಆಂಟಿ ಸಿಸಿಪಿ ಎಂಬ ಇನ್ನೊಂದು ರಕ್ತ ಪರೀಕ್ಷೆ ಹೆಚ್ಚು ನಂಬಬಹುದಾದದ್ದು, ಆದರೆ ಅದೂ ನೆಗೆಟಿವ್ ಬಂದರೆ ಕಾಯಿಲೆ ಇಲ್ಲವೆಂದಲ್ಲ. ಹಿಂದೆ ಬಂದ ಗಂಟಲ ಸೋಂಕಿನ ಸುಳಿವು ಕೊಡುವ ಎಎಸ್‌ಒ ಪ್ರಮಾಣ ರಕ್ತದಲ್ಲಿ ಹೆಚ್ಚಿದೆ ಎಂದು ಮಧ್ಯವಯಸ್ಸಿನವರಿಗೆ ತಿಂಗಳು ತಿಂಗಳು ಪೆನಿಸಿಲಿನ್ ಚುಚ್ಚಿದ ಚೀಟಿಗಳೂ ಇದ್ದವು. ಅದು ಈ ಕಾಯಿಲೆಗೆ ಸಂಬಂಧವೇ ಇಲ್ಲದ ಚಿಕಿತ್ಸೆ. ಚಿಕುನ್‌ಗುನ್ಯಾ ಮಾತ್ರ ನಿಜಕ್ಕೂ ಗೊಂದಲ ಹುಟ್ಟಿಸುತ್ತದೆ. 2006ರಲ್ಲಿ ಅದು ರಾಜ್ಯವನ್ನೆಲ್ಲ ಕಾಡಿದ ಮೇಲೆ ಕೀಲು ನೋವು ಎಂದರೆ ಅದರ ಹೆಸರೇ ಮೊದಲು ಬಾಯಿಗೆ ಬರುತ್ತದೆ. ಜ್ವರದೊಂದಿಗೆ ಥಟ್ಟನೆ ಶುರುವಾಯಿತೇ ಎಂದು ಕೇಳಬೇಕು, ಕೆಲವು ವಾರ ಬಿಟ್ಟು ಮತ್ತೆ ಕೈ ನೋಡಬೇಕು.

ಸ್ಟಿರಾಯ್ಡ್ ಬಗ್ಗೆ ನಮ್ಮಲ್ಲಿ ದೊಡ್ಡ ಚರ್ಚೆಯೇ ನಡೆಯಿತು. 1948ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಹೆಂಚ್ ಮೊದಲ ಬಾರಿಗೆ ಕಾರ್ಟಿಸೋನ್ ಎಂಬ ಸ್ಟಿರಾಯ್ಡನ್ನು ಈ ಕಾಯಿಲೆಗೆ ಕೊಟ್ಟಾಗ ಹಾಸಿಗೆ ಹಿಡಿದವರು ಎದ್ದು ನಡೆದರು. 1950ರಲ್ಲಿ ಅವರಿಗೆ ನೊಬೆಲ್ ಸಂದಿತು. ಆ ಪವಾಡ ಬಹಳ ಕಾಲ ನಿಲ್ಲಲಿಲ್ಲ, ಅಡ್ಡಪರಿಣಾಮಗಳು ಬೆನ್ನಿಗೇ ಬಂದವು. ಅಲ್ಪ ಪ್ರಮಾಣದಲ್ಲಿ, ಕೆಲವು ವಾರಗಳಿಗೆ, ಮೂಲ ಔಷಧ ಕೆಲಸ ಶುರುಮಾಡುವ ತನಕ ಅದು ಸೇತುವೆ. ಅದನ್ನೇ ಮನೆ ಮಾಡಿಕೊಳ್ಳಬಾರದು.

ಮೂಲ ಔಷಧ ಮೆಥೋಟ್ರೆಕ್ಸೇಟ್. ವಾರಕ್ಕೆ ಒಂದೇ ದಿನ. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಪ್ರಾಣವೇ ಹೋಗಬಹುದು. ಆ ಭಯಕ್ಕೇ ನಾವು ಈ ಮಾತ್ರೆಯ ತಂಟೆಗೆ ಹೋಗುತ್ತಿರಲಿಲ್ಲ. ನಮ್ಮಲ್ಲೊಬ್ಬರು ವೈದ್ಯೆ ಒಂದು ಉಪಾಯ ಹೇಳಿದರು: ಸಂತೆಯ ದಿನದ ಮಾತ್ರೆ. ಸೋಮವಾರಪೇಟೆ ಕಡೆಯವರಿಗೆ ಸೋಮವಾರ, ಮಡಿಕೇರಿ ಕಡೆಯವರಿಗೆ ಶುಕ್ರವಾರ. ಸಂತೆಯನ್ನು ಯಾರೂ ಮರೆಯುವುದಿಲ್ಲ, ವಾರಕ್ಕೆ ಎರಡು ಸಲ ಸಂತೆಗೆ ಹೋಗುವುದೂ ಇಲ್ಲ. ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಬೇರೆ ದಿನ. ಚೀಟಿಯ ಮೇಲೆ ದಿನದ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯುತ್ತೇವೆ, ಒಂದು ತಿಂಗಳಿಗಿಂತ ಹೆಚ್ಚಿನ ಮಾತ್ರೆ ಕೊಡುವುದಿಲ್ಲ. ತಜ್ಞರು ಶುರುಮಾಡುತ್ತಾರೆ; ರಕ್ತ, ಯಕೃತ್ತು, ಮೂತ್ರಪಿಂಡಗಳ ಪರೀಕ್ಷೆಯನ್ನು ಹೊತ್ತುಹೊತ್ತಿಗೆ ಮಾಡಿಸುವ ಹೊಣೆ ನಮ್ಮದು. ಮದ್ಯದ ಅಭ್ಯಾಸವನ್ನೂ ಗರ್ಭ ಧರಿಸುವ ಯೋಚನೆಯನ್ನೂ ಮುಚ್ಚುಮರೆಯಿಲ್ಲದೆ ಕೇಳಬೇಕು, ಏಕೆಂದರೆ ಗರ್ಭಿಣಿಯರಿಗೆ ಈ ಔಷಧ ಸಲ್ಲದು. ಮೂತ್ರದ ಸೋಂಕೆಂದು ಕೋಟ್ರೈಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಬರೆಯುವ ಮುನ್ನ ಇವರು ಸಂತೆ ಮಾತ್ರೆಯವರೇ ಎಂದು ನೋಡಬೇಕು. ಎರಡೂ ಸೇರಿದರೆ ಅಪಾಯ.

ಮಳೆಗಾಲದ ನಡುವೆ ಬರುವ ಕಕ್ಕಡ ತಿಂಗಳ ಹದಿನೆಂಟರಂದು ಇಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅದನ್ನು ತಿನ್ನಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಪಾಯಸವನ್ನೂ ಉಣ್ಣಿ, ಮಾತ್ರೆಯನ್ನೂ ಬಿಡಬೇಡಿ ಎನ್ನುತ್ತೇನೆ. ಮದ್ದಿನ ಮೇಲೆ ಜನರಿಗಿರುವ ನಂಬಿಕೆಯನ್ನು ಹೀಯಾಳಿಸಿದರೆ ಅವರು ನಮ್ಮ ಮಾತನ್ನೂ ಕೇಳುವುದಿಲ್ಲ.

ಆ ಹೆಂಗಸು ಈಗ ಸಂತೆ ಮಾತ್ರೆಯಲ್ಲಿದ್ದಾರೆ. ಊತ ಇಳಿದಿದೆ, ವಾಲಿದ ಬೆರಳುಗಳು ಮಾತ್ರ ಹಾಗೆಯೇ ಇವೆ. ಹೊಸ ವೈದ್ಯರು ಯಾರಾದರೂ ನಮ್ಮ ಸಂಜೆಯ ಕೂಟಕ್ಕೆ ಬಂದರೆ ಈ ಹೆಂಗಸೇ ಮುಂದೆ ಬಂದು ಎರಡೂ ಕೈಗಳನ್ನು ಮೇಜಿನ ಮೇಲೆ ಇಡುತ್ತಾರೆ. ಬಲಗೈ ತೋರುಬೆರಳಿನ ಬುಡವನ್ನು ತೋರಿಸಿ, "ಮೊದಲು ನೋವು ಬಂದದ್ದು ಇಲ್ಲಿ. ಒತ್ತಿ ನೋಡಿ" ಎನ್ನುತ್ತಾರೆ.