ಶನಿವಾರದ ಕ್ಲಿನಿಕ್ ಯಾರ ಕಟ್ಟಡದಲ್ಲಿ?

ಇಂಗ್ಲೆಂಡಿನ ಜಿಪಿಗಳೆಲ್ಲ (ಅಂದರೆ ಫ್ಯಾಮಿಲಿ ಡಾಕ್ಟರುಗಳು) ಸರ್ಕಾರಿ ನೌಕರರು ಅಂತ ಊರಲ್ಲಿ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹೆಚ್ಚಿನ ಕಡೆ ಕೆಲವು ಡಾಕ್ಟರುಗಳು ಪಾಲುದಾರರಾಗಿ ಸ್ವಂತ ಪ್ರಾಕ್ಟಿಸ್ ನಡೆಸುತ್ತಾರೆ, ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಜೊತೆ ಒಪ್ಪಂದ ಇರುತ್ತದೆ. ಪಟ್ಟಿಯಲ್ಲಿ ಎಷ್ಟು ಪೇಷೆಂಟ್ ಇದ್ದಾರೋ ಅದರ ಮೇಲೆ ಹಣ. ಅಕ್ಕಪಕ್ಕದ ಇಂಥ ಪ್ರಾಕ್ಟಿಸ್‌ಗಳು ಸೇರಿ ಸೇವೆ ಕೊಡುವ ಹಾಗೆ ಮಾಡುವುದು ನನ್ನ ಕೆಲಸ.

2013ರಿಂದ 2022ರವರೆಗೆ ಸಿಸಿಜಿ ಅಂತ ಇತ್ತು, ಆಯಾ ಪ್ರದೇಶಕ್ಕೆ ಆರೋಗ್ಯ ಸೇವೆ ಕೊಳ್ಳುವ ಎನ್‌ಎಚ್‌ಎಸ್ ಸಂಸ್ಥೆ. ಯಾವ ಸೇವೆ ಬೇಕು, ಯಾರಿಂದ ಕೊಳ್ಳಬೇಕು ಅಂತ ನಿರ್ಧರಿಸುವ ಜಾಗದಲ್ಲೂ ಜಿಪಿಗಳೇ, ಎಷ್ಟೋ ಸಲ ಕೊಡುವ ಜಾಗದಲ್ಲೂ ಅವರೇ. ಈಗ ಆ ಖರೀದಿ ಐಸಿಬಿ ಅನ್ನುವ ಪ್ರಾದೇಶಿಕ ಮಂಡಳಿಯ ಕೈಲಿದೆ. ನಮ್ಮದು 2019ರಲ್ಲಿ ಶುರುವಾದ ಪಿಸಿಎನ್ ವ್ಯವಸ್ಥೆ: ಸಾಮಾನ್ಯವಾಗಿ 30ರಿಂದ 50 ಸಾವಿರ ಪೇಷೆಂಟ್‌ಗಳಿಗೆ ಪ್ರಾಕ್ಟಿಸ್‌ಗಳ ಒಂದು ಗುಂಪು.

2022ರ ಅಕ್ಟೋಬರಿನಿಂದ ಸೋಮವಾರದಿಂದ ಶುಕ್ರವಾರ ಸಂಜೆ 6.30ರಿಂದ 8 ಮತ್ತು ಶನಿವಾರ 9ರಿಂದ 5 ಗುಂಪೇ ಪೇಷೆಂಟ್‌ಗಳನ್ನು ನೋಡಿಕೊಳ್ಳಬೇಕಾಯಿತು. ಸಾವಿರ ಪೇಷೆಂಟ್‌ಗೆ ವಾರಕ್ಕೆ 60 ನಿಮಿಷದ ಲೆಕ್ಕ. ಅಂದರೆ 40 ಸಾವಿರಕ್ಕೆ 40 ಗಂಟೆ. ಸೇರಿ ಮಾಡೋಣ ಅಂದರೆ ಯಾರೂ ಬೇಡ ಅನ್ನಲ್ಲ. ಹಣ, ಬೀಗದ ಕೈ, ಕಂಪ್ಯೂಟರ್ ಮಾತು ಬಂದಾಗಲೇ ಎಲ್ಲರೂ ನೆಟ್ಟಗೆ ಕೂರುವುದು.

ದಾವಣಗೆರೆಯಲ್ಲಿ ಓದಿ ಬಂದ ಹಿರಿಯ ಡಾಕ್ಟರೊಬ್ಬರು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದರು. "ಅಲ್ಲಮ್ಮಾ, ನಮ್ಮ ಪೇಷೆಂಟು ಶನಿವಾರದ ಕ್ಲಿನಿಕ್ಕಿಗೆ ದೊಡ್ಡ ಪ್ರಾಕ್ಟಿಸ್‌ಗೆ ಹೋಗಿ, ಆ ಕಟ್ಟಡ ನೋಡಿ ಅಲ್ಲೇ ಹೆಸರು ಬರೆಸಿಬಿಟ್ರೆ?"

"ಅದನ್ನ ತಡೆಯೋ ಹಾಗಿಲ್ಲ ಸರ್. ಆದ್ರೆ ಕ್ಲಿನಿಕ್ ಸರದಿ ಮೇಲೆ ನಿಮ್ಮಲ್ಲೂ ನಡೀಲಿ."

ಚಿಕ್ಕ ಪ್ರಾಕ್ಟಿಸ್‌ಗಳ ಈ ಅಂಜಿಕೆಯನ್ನು ಸುಮ್ನೆ ತಳ್ಳಿಹಾಕಬಾರದು. ಸರದಿ, ಹಣದ ಪಾಲು ಎರಡನ್ನೂ ಮೊದಲೇ ಕಾಗದಕ್ಕಿಳಿಸಿದೆವು.

ಜಾಸ್ತಿ ಸಮಯ ತಿಂದಿದ್ದು ಕಂಪ್ಯೂಟರ್. ಪೇಷೆಂಟ್ ದಾಖಲೆ ಇಡುವ ಸಾಫ್ಟ್‌ವೇರ್ ಕೆಲವರದು ಇಮಿಸ್, ಕೆಲವರದು ಸಿಸ್ಟಮ್‌ಒನ್. ಮಾಹಿತಿ ಹಂಚಿಕೆಯ ಒಪ್ಪಂದಕ್ಕೆ ಎಲ್ಲರ ಸಹಿ ಆದ ಮೇಲೂ ನನಗೆ ನಂಬಿಕೆ ಬರಲಿಲ್ಲ. ಪ್ರತಿ ಪ್ರಾಕ್ಟಿಸ್‌ನಲ್ಲೂ ಪರೀಕ್ಷೆಗೆಂದೇ ಇರುವ ಸುಳ್ಳು ಪೇಷೆಂಟ್ ಹೆಸರಲ್ಲಿ ಅಪಾಯಿಂಟ್‌ಮೆಂಟ್ ಹಾಕಿ, ಬೇರೆ ಕಟ್ಟಡದಲ್ಲಿ ಕೂತು ತೆರೆದೆ. ಅಲರ್ಜಿ ಕಾಣುತ್ತಾ? ಈಗಿನ ಮಾತ್ರೆಗಳು? ನಾನು ಬರೆದ ಟಿಪ್ಪಣಿ ಅವರ ಸ್ವಂತ ಡಾಕ್ಟರಿಗೆ ತಲುಪುತ್ತಾ? ಒಂದು ಕಡೆ ಪೆನಿಸಿಲಿನ್ ಅಲರ್ಜಿಯೇ ಬರಲಿಲ್ಲ. ಅದು ಸರಿಯಾಗುವವರೆಗೆ ಆ ಪ್ರಾಕ್ಟಿಸ್‌ನವರಿಗೆ ಬುಕಿಂಗ್ ತೆರೆಯಲಿಲ್ಲ. ಬೈಸಿಕೊಂಡೆ, ಪರವಾಗಿಲ್ಲ.

ರಕ್ತ ಪರೀಕ್ಷೆ ಮಾತ್ರ ಇನ್ನೂ ಬಗೆಹರಿದಿಲ್ಲ. ಶನಿವಾರ ಲ್ಯಾಬಿನ ವ್ಯಾನು ನಮ್ಮ ಕಡೆ ಬರುವುದಿಲ್ಲ. ಹಾಗಾಗಿ ಆ ದಿನ ಸ್ಮಿಯರ್ (ಗರ್ಭಕಂಠದ ಕ್ಯಾನ್ಸರ್ ತಪಾಸಣೆ), ಲಸಿಕೆ, ಡ್ರೆಸ್ಸಿಂಗ್ ಇಟ್ಟುಕೊಂಡಿದ್ದೇವೆ. ವ್ಯಾನಿನ ವಿಷಯ ಐಸಿಬಿ ಮುಂದಿದೆ.