ಬೇಡದ ಮೆಸೇಜ್‌ಗೆ ಬ್ಲಾಕ್ ಸಾಲದು, 1909ಕ್ಕೆ ದೂರು ಕೊಡಿ

ಕೊಡಗಿನ ಗೋಣಿಕೊಪ್ಪಲಿನಲ್ಲಿ ನನ್ನದು ರೀಚಾರ್ಜ್, ರಿಪೇರಿ ಅಂಗಡಿ. ಭಾನುವಾರ ಸಂತೆಗೆ ಬಂದವರು ಫೋನನ್ನು ಕೌಂಟರ್ ಮೇಲಿಟ್ಟು, ‘ಈ ಲೋನ್‌ನವರ ಕಾಟ ನಿಲ್ಲಿಸಿಕೊಡು ಮಾರಾಯ’ ಅನ್ನುತ್ತಾರೆ. ನೋಡಿದರೆ ಬ್ಲಾಕ್ ಪಟ್ಟಿ ಉದ್ದಕ್ಕೆ ಬೆಳೆದಿರುತ್ತದೆ. ಬ್ಲಾಕ್ ಮಾಡಿದರೆ ಆ ನಂಬರ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಕಳಿಸಿದವನ ಸಿಮ್ಮಿಗೆ ಏನೂ ಆಗುವುದಿಲ್ಲ. ಆಗಬೇಕಾದರೆ ಬೇಡದ ಜಾಹೀರಾತಿನ ದೂರಿಗೆಂದೇ ಇರುವ 1909 ನಂಬರಿಗೆ ದೂರು ಕೊಡಬೇಕು. ಅದಕ್ಕೆ ದುಡ್ಡೂ ಬೇಡ, ನನ್ನ ಅಂಗಡಿಯೂ ಬೇಡ.

ಮೊದಲು ಮೆಸೇಜ್ ಯಾರ ಹೆಸರಿನಲ್ಲಿ ಬಂದಿದೆ ನೋಡಿ. ನೋಂದಾಯಿತ ಕಂಪನಿಯದಾದರೆ ಮಾಮೂಲಿ ಮೊಬೈಲ್ ನಂಬರ್ ಇರುವುದಿಲ್ಲ, ಎರಡು ಅಕ್ಷರ, ಅಡ್ಡಗೆರೆ, ಆಮೇಲೆ ಕಂಪನಿಯ ಗುರುತು ಇರುತ್ತದೆ. ಆ ಎರಡರಲ್ಲಿ ಮೊದಲನೆಯದು ಮೊಬೈಲ್ ಕಂಪನಿಯದು, ಎರಡನೆಯದು ರಾಜ್ಯದ್ದು: ಕರ್ನಾಟಕಕ್ಕೆ ಎಕ್ಸ್, ಪಕ್ಕದ ಕೇರಳಕ್ಕೆ ಎಲ್. ನಮಗೆ ಮುಖ್ಯವಾದದ್ದು ಕೊನೆಯ ಅಕ್ಷರ, ಜಾಹೀರಾತು ಮೆಸೇಜಿನ ನಿಯಮಕ್ಕೆ ಆದ 2025ರ ತಿದ್ದುಪಡಿಯಿಂದ ಬಂದದ್ದು. ‘ಪಿ’ ಅಂದರೆ ಜಾಹೀರಾತು, ‘ಎಸ್’ ಸೇವೆಯ ಮಾಹಿತಿ, ‘ಟಿ’ ಒಟಿಪಿಯಂಥ ವ್ಯವಹಾರದ್ದು, ‘ಜಿ’ ಸರ್ಕಾರದ್ದು. ಇದ್ಯಾವುದೂ ಇಲ್ಲದೆ ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿನಿಂದ ‘ಸೈಟ್ ಇದೆ, ಲೋನ್ ಇದೆ’ ಎಂದು ಬಂದರೆ ಅದು ಕಳ್ಳದಾರಿ. ಹಾಗೆ ಜಾಹೀರಾತು ಕಳಿಸುವಂತೆಯೇ ಇಲ್ಲ.

‘ಪಿ’ ಬಾಲದವನ್ನು ನಿಲ್ಲಿಸುವುದು ಸುಲಭ. ಇಂಗ್ಲಿಷ್ ಅಕ್ಷರದಲ್ಲಿ ಸ್ಟಾರ್ಟ್ ಎಂದು ಬರೆದು, ಒಂದು ಜಾಗ ಬಿಟ್ಟು 0 ಹಾಕಿ 1909ಕ್ಕೆ ಎಸ್‌ಎಂಎಸ್ ಮಾಡಿ. ಬರೆಯಲು ಬೇಸರವಾದರೆ 1909ಕ್ಕೆ ಫೋನ್ ಮಾಡಿದರೂ ಆಯಿತು. ಇದೇ ಡಿಎನ್‌ಡಿ, ಅಂದರೆ ‘ಡು ನಾಟ್ ಡಿಸ್ಟರ್ಬ್’. ಬ್ಯಾಂಕು, ರಿಯಲ್ ಎಸ್ಟೇಟ್, ಶಿಕ್ಷಣ ಎಂದು ಬಗೆ ನೋಡಿ ಬೇಕಾದ್ದನ್ನು ಉಳಿಸಿಕೊಳ್ಳಲೂಬಹುದು. ನಾನು ಎಲ್ಲರಿಗೂ ಸೊನ್ನೆಯನ್ನೇ ಹಾಕಿಕೊಡುತ್ತೇನೆ. ರಿಯಲ್ ಎಸ್ಟೇಟ್ ಮೆಸೇಜ್ ಬೇಕೇಬೇಕು ಅಂದವರನ್ನು ಈ ಕೌಂಟರ್ ಇನ್ನೂ ಕಂಡಿಲ್ಲ.

ಇಲ್ಲಿ ನಮ್ಮ ಕಡೆಯವರದು ಒಂದೇ ಅಂಜಿಕೆ: ಡಿಎನ್‌ಡಿ ಹಾಕಿದರೆ ಮಳೆಯ ಎಚ್ಚರಿಕೆಯೂ ನಿಂತುಹೋದರೆ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ಹೀಗೆ ಕೇಳಿದರೆ ತಪ್ಪೇನಿಲ್ಲ. ಆದರೆ ನಿಲ್ಲುವುದಿಲ್ಲ. ಸರ್ಕಾರದ ಮೆಸೇಜ್, ಬ್ಯಾಂಕಿನ ಒಟಿಪಿ, ಗ್ಯಾಸ್ ಬುಕಿಂಗ್ ಎಲ್ಲ ಬರುತ್ತಲೇ ಇರುತ್ತವೆ. ಡಿಎನ್‌ಡಿ ತಡೆಯುವುದು ಜಾಹೀರಾತನ್ನು ಮಾತ್ರ.

ಡಿಎನ್‌ಡಿ ಹಾಕಿದ ಮೇಲೂ ಬಂದರೆ, ಅಥವಾ ಹತ್ತಂಕಿ ನಂಬರಿನಿಂದ ಬಂದರೆ, ಆಗ ದೂರು. ಹತ್ತಂಕಿಯವರ ಮೇಲೆ ದೂರು ಕೊಡಲು ನೀವು ಡಿಎನ್‌ಡಿ ಹಾಕಿರಲೇಬೇಕೆಂದೂ ಇಲ್ಲ. 1909ಕ್ಕೆ ಕಳಿಸುವ ಎಸ್‌ಎಂಎಸ್ ಹೀಗಿರಲಿ: ಬಂದ ಮೆಸೇಜಿನ ಸಾರ, ಅಲ್ಪವಿರಾಮ, ಕಳಿಸಿದವರ ನಂಬರ್ ಅಥವಾ ಹೆಸರು, ಅಲ್ಪವಿರಾಮ, ಬಂದ ತಾರೀಖು. ತಾರೀಖು 14/07/25 ಎಂಬಂತೆ, ದಿನ ಮೊದಲು. ಮೆಸೇಜನ್ನು ಅಳಿಸಬೇಡಿ. ಸಿಟ್ಟಿನಲ್ಲಿ ಮೊದಲು ಅಳಿಸಿ, ಆಮೇಲೆ ನನ್ನ ಹತ್ತಿರ ಬರುವವರೇ ಹೆಚ್ಚು. ಅಳಿಸಿದ ಮೇಲೆ ನಂಬರೂ ಇಲ್ಲ, ತಾರೀಖೂ ಇಲ್ಲ, ನಾನೇನು ಬರೆಯಲಿ? ಟೈಪ್ ಮಾಡುವ ಗೋಜು ಬೇಡವೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಇದೆ. ಮೆಸೇಜ್ ಆರಿಸಿ ಒತ್ತಿದರೆ ಅದೇ ತುಂಬಿಕೊಳ್ಳುತ್ತದೆ.

ಎರಡು ಸಿಮ್ ಇರುವವರು ಇದನ್ನು ಗಮನಿಸಿ. ನಮ್ಮಲ್ಲಿ ತೋಟದ ಮನೆಗೆ ಒಂದು ಸಿಮ್, ಪೇಟೆಗೆ ಇನ್ನೊಂದು. ಸಿಗ್ನಲ್ ಎಲ್ಲಿ ಯಾವುದಕ್ಕೆ ಸಿಗುತ್ತದೋ ಅದು. ಮೆಸೇಜ್ ಯಾವ ಸಿಮ್ಮಿಗೆ ಬಂತೋ ಅದರಿಂದಲೇ ದೂರು ಹೋಗಬೇಕು. ಮೊನ್ನೆ ಬಿರುನಾಣಿ ಕಡೆಯ ಹಿರಿಯರೊಬ್ಬರ ಫೋನಿನಲ್ಲಿ ನೋಡಿದೆ: ಲೋನ್ ಮೆಸೇಜ್ ಮೇಲೆ ಸಣ್ಣದಾಗಿ 2 ಎಂದಿತ್ತು, ದೂರು ಮಾತ್ರ ಸಿಮ್ ಒಂದರಿಂದ ಹೋಗಿತ್ತು. ಕಳಿಸುವ ಬಾಣದ ಗುರುತಿನ ಪಕ್ಕ ಸಿಮ್ ಬದಲಿಸಿ ಮತ್ತೆ ಕಳಿಸಿದ ಮೇಲೆ ದೂರಿನ ನಂಬರ್ ಬಂತು. ಆ ನಂಬರನ್ನು ಇಟ್ಟುಕೊಳ್ಳಿ.

ಮೆಸೇಜ್ ಬಂದ ಮೇಲೆ ದೂರು ಕೊಡಲು ಗಡುವು 7 ದಿನ. ಮೊದಲು 3 ಇತ್ತು. ಆಗ ಮಳೆಗಾಲದಲ್ಲಿ ನಮ್ಮವರಿಗೆ ದೂರೆನ್ನುವುದೇ ಸುಳ್ಳು. ಕರೆಂಟ್ ಹೋಗಿ, ಟವರ್ ಸತ್ತು, ಸಿಗ್ನಲ್ ಬರುವಷ್ಟರಲ್ಲಿ ಗಡುವು ಮುಗಿದಿರುತ್ತಿತ್ತು. ನೋಂದಣಿಯಿಲ್ಲದ ನಂಬರಿನ ಮೇಲಿನ ದೂರಿಗೆ ಮೊಬೈಲ್ ಕಂಪನಿ 5 ದಿನದೊಳಗೆ ಕ್ರಮ ಕೈಗೊಳ್ಳಬೇಕು. ಮೊದಲು ಇದಕ್ಕೆ 30 ದಿನ ಇತ್ತು. ಒಬ್ಬನ ಮೇಲೆ 10 ದಿನದಲ್ಲಿ 5 ದೂರು ಬಿದ್ದರೆ ಸಾಕು, ವಿಚಾರಣೆ ಶುರುವಾಗುತ್ತದೆ. ತಪ್ಪು ಸಾಬೀತಾದರೆ ಮೊದಲ ಸಲ 15 ದಿನ ಅವನ ಹೊರಹೋಗುವ ಕರೆ, ಮೆಸೇಜ್ ಬಂದ್. ಮತ್ತೆ ಮಾಡಿದರೆ ಒಂದು ವರ್ಷ ಎಲ್ಲ ಕಂಪನಿಗಳ ಸಂಪರ್ಕವೂ ಕಟ್. ಅದಕ್ಕೇ ಒಂದೇ ನಂಬರಿನಿಂದ ಮನೆಯ ನಾಲ್ಕು ಜನಕ್ಕೆ ಬಂದಿದ್ದರೆ ನಾಲ್ವರೂ ದೂರು ಕೊಡಿ ಅನ್ನುತ್ತೇನೆ.

ಟ್ರಾಯ್‌ಗೇ ನೇರ ಬರೆಯುತ್ತೇನೆ ಅನ್ನುವವರಿದ್ದಾರೆ. ನಿಯಮ ಮಾಡುವುದು ಅವರೇ. ಈಗಿನ ನಿಯಮ 2018ರ ಜುಲೈಯದು, 2025ರಲ್ಲಿ ತಿದ್ದಿದ್ದು. ಆದರೆ ಒಬ್ಬೊಬ್ಬರ ದೂರನ್ನು ಅವರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಮೊಬೈಲ್ ಕಂಪನಿಯೇ ದಾರಿ.

ಮೋಸದ ಮೆಸೇಜ್ ಬೇರೆ ಲೆಕ್ಕ. ‘ಕರೆಂಟ್ ಬಿಲ್ ಕಟ್ಟಿಲ್ಲ, ಇಂದು ರಾತ್ರಿ ಲೈನ್ ಕಟ್’ ಎಂದು ಲಿಂಕ್ ಬಂದರೆ ಒತ್ತಬೇಡಿ. ನಮ್ಮಲ್ಲಿ ಲೈನ್ ಕಟ್ಟಾಗಲು ಬಿಲ್ಲೇ ಬಾಕಿ ಇರಬೇಕೆಂದಿಲ್ಲ, ಆ ಮಾತು ಬಿಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಮೋಸವನ್ನೂ ಅಲ್ಲಿ ಹೇಳಬಹುದು. ದುಡ್ಡು ಹೋಗಿಯೇ ಬಿಟ್ಟಿದ್ದರೆ ಚಕ್ಷು ಅಲ್ಲ, ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಇನ್ನು ವಾಟ್ಸ್ಆ್ಯಪ್‌ನ ಬರೀ ಜಾಹೀರಾತಿಗೆ 1909 ನಡೆಯುವುದಿಲ್ಲ, ಅಲ್ಲಿ ಬ್ಲಾಕೇ ಗತಿ.

ಕಾಫಿ, ಮೆಣಸಿನ ವ್ಯಾಪಾರಿ ದಿನಾ ದರ ಕಳಿಸುತ್ತಾನಲ್ಲ, ಅವನ ಮೇಲೆ ದೂರು ಬೇಡ. ನೀವೇ ಕೇಳಿ ಹಾಕಿಸಿಕೊಂಡದ್ದು. ಬೇಡವಾದರೆ ಒಂದು ಮಾತು ಹೇಳಿ.

ಹೋಂಸ್ಟೇಯವರಿಗೆ ಮಾತ್ರ ಇನ್ನೊಂದು ಮಾತು. ಹಳೆಯ ಅತಿಥಿಗಳ ನಂಬರ್ ಪುಸ್ತಕದಲ್ಲಿದೆ, ದಸರಾ ರಜೆ ಬಂತು, ನಮ್ಮ ಸಿಮ್ಮಿಂದಲೇ ಎಲ್ಲರಿಗೂ ‘ರೂಮ್ ಖಾಲಿ ಇದೆ’ ಎಂದು ಹಾಕಿಬಿಡೋಣ ಅನ್ನುವವರು ಪ್ರತಿ ವರ್ಷ ಇರುತ್ತಾರೆ. ಅದೂ ಇದೇ ಕಾನೂನಿನಡಿ ಬರುತ್ತದೆ. ಬೆಂಗಳೂರಿನ ಐದು ಜನ 1909ಕ್ಕೆ ಕಳಿಸಿದರೆ ಸೀಸನ್ ನಡುವೆ 15 ದಿನ ನಿಮ್ಮ ನಂಬರಿನಿಂದ ಫೋನೂ ಹೋಗದು, ಮೆಸೇಜೂ ಹೋಗದು. ಕಳಿಸಲೇಬೇಕೆಂದರೆ ವ್ಯಾಪಾರದ ಮೆಸೇಜ್ ಕಳಿಸುವವರ ನೋಂದಣಿಗೆ ಇರುವ ಮೊಬೈಲ್ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ವ್ಯವಹಾರವನ್ನು ನೋಂದಾಯಿಸಿ, ಕಳಿಸುವ ಹೆಸರಿಗೂ ಮೆಸೇಜಿನ ಒಕ್ಕಣೆಗೂ ಒಪ್ಪಿಗೆ ಪಡೆದು, ಬಲ್ಕ್ ಎಸ್‌ಎಂಎಸ್ ಮೂಲಕವೇ ಕಳಿಸಿ. ಲಿಂಕ್ ಹಾಕುವುದಾದರೆ ಅದನ್ನೂ ಮೊದಲೇ ಅಲ್ಲಿ ಸೇರಿಸಿರಬೇಕು, ಇಲ್ಲದಿದ್ದರೆ ಮೆಸೇಜ್ ಮುಂದೆ ಹೋಗುವುದೇ ಇಲ್ಲ. ಬೇಡವೆಂದವರಿಗೆ 90 ದಿನ ಮತ್ತೆ ಒಪ್ಪಿಗೆ ಕೇಳುವಂತಿಲ್ಲ.