ನೃತ್ಯಕೂಟದ ಸಂಜೆ ವಾರ್ಡಿನಲ್ಲಿ ಉಳಿದವರು

ನ್ಯೂಯಾರ್ಕ್ ರಾಜ್ಯದಲ್ಲಿ ಮನೋರೋಗಿಗಳಿಗೆ ಚಟುವಟಿಕೆ ಚಿಕಿತ್ಸೆ ನೀಡುವ ವೃತ್ತಿಯಲ್ಲಿರುವ ನಾನು, ಹೊಸದಾಗಿ ಸೇರಿದವರ ತರಬೇತಿಗಾಗಿ 1940 ಮತ್ತು 50ರ ದಶಕಗಳ ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಮನರಂಜನಾ ಕಾರ್ಯಕ್ರಮಗಳನ್ನು ಕುರಿತು ಪಾಠವೊಂದನ್ನು ಸಿದ್ಧಪಡಿಸಿದೆ. ರೋಗಿಗಳ ಕಡತಗಳು ಗೋಪ್ಯವಾದುದರಿಂದ ಅವುಗಳ ಗೊಡವೆಗೆ ಹೋಗದೆ, ವಾರ್ಷಿಕ ವರದಿಗಳನ್ನೂ ಹಳೆಯ ಛಾಯಾಚಿತ್ರಗಳನ್ನೂ ಆಧಾರವಾಗಿಟ್ಟುಕೊಂಡೆ.

ನೃತ್ಯಕೂಟ, ಸಿನಿಮಾ, ಬೇಸ್‌ಬಾಲ್, ವಾದ್ಯಮೇಳಗಳಿಗೆ ಅಲ್ಲಿ ಕೊರತೆಯೇನೂ ಇರಲಿಲ್ಲ. ಸೆನೆಕಾ ಸರೋವರದ ದಂಡೆಯ ವಿಲರ್ಡ್ ಆಸ್ಪತ್ರೆಯಲ್ಲಂತೂ 1893ರಷ್ಟು ಹಿಂದೆಯೇ ಕಟ್ಟಿದ ಹ್ಯಾಡ್ಲಿ ಹಾಲ್ ಎಂಬ ಮನರಂಜನಾ ಭವನವಿತ್ತು. ರಂಗಮಂದಿರದ ಜೊತೆಗೆ ಚೆಂಡುರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ ಅಂಕಣವೂ ಅದರಲ್ಲಿತ್ತು. ಇದನ್ನೆಲ್ಲ ಮೆಚ್ಚುವ ಮೊದಲು, ಆ ಸಂಜೆ ವಾರ್ಡಿನಲ್ಲೇ ಉಳಿದವರು ಯಾರು ಎಂದು ಕೇಳಿಕೊಳ್ಳುವುದನ್ನು ರೂಢಿಸಿಕೊಂಡೆ. ಹಾಜರಾತಿಯ ಒಟ್ಟು ಮೊತ್ತದಲ್ಲಿ ಒಬ್ಬನೇ ಬಂದಷ್ಟು ಸಲವೂ ಎಣಿಕೆಯಾಗುತ್ತಾನೆ. ವಾರಕ್ಕೊಮ್ಮೆ ಅದೇ ನೂರು ಮಂದಿ ಕುಣಿದರೂ ವರ್ಷದ ಲೆಕ್ಕ 5,200 ಆಗುತ್ತದೆ. ಲಾಂಗ್ ಐಲೆಂಡಿನ ಪಿಲ್‌ಗ್ರಿಮ್ ಆಸ್ಪತ್ರೆಯಲ್ಲಿ 1954ರಲ್ಲಿ 13,875 ರೋಗಿಗಳಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಅಂಥ ಮೊತ್ತದ ಠೀವಿ ಇಳಿಯುತ್ತದೆ.

ಅಡಚಣೆ ಇದ್ದದ್ದು ಹಾಡು ಕುಣಿತಗಳಲ್ಲಲ್ಲ, ಕರೆದೊಯ್ಯುವುದರಲ್ಲಿ. ಗಂಡಸರ, ಹೆಂಗಸರ ವಾರ್ಡುಗಳು ಬೇರೆಬೇರೆ. ಬೀಗ ತೆಗೆದು, ತಲೆ ಎಣಿಸಿ, ಭವನದವರೆಗೆ ನಡೆಸಿಕೊಂಡು ಹೋಗಿ, ಮರಳಿದ ಮೇಲೆ ಮತ್ತೆ ಎಣಿಸಲು ಅಟೆಂಡರುಗಳು ಬೇಕು. ಅವರೇ ಸಾಲದಿದ್ದಲ್ಲಿ ಶಾಂತ ಸ್ವಭಾವದವರಿಗೆ ಅವಕಾಶ ಸಿಗುತ್ತದೆ, ನಿಜವಾಗಿ ಅಗತ್ಯವಿದ್ದವರು ಬೆಂಚಿನ ಮೇಲೆಯೇ ಕುಳಿತಿರುತ್ತಾರೆ. ಈ ತೊಡಕು ಇಂದಿಗೂ ನಮ್ಮನ್ನು ಬಿಟ್ಟಿಲ್ಲ. ಲಾಂಡ್ರಿಯಲ್ಲೂ ಹೊಲದಲ್ಲೂ ರೋಗಿಗಳಿಂದ ಕೂಲಿಯಿಲ್ಲದೆ ಮಾಡಿಸಿದ ದುಡಿಮೆಗೆ ಚಿಕಿತ್ಸೆಯೆಂಬ ಹೆಸರೂ ಇತ್ತು; ಅದನ್ನು ಪಾಠದ ಲೆಕ್ಕದಿಂದ ಹೊರಗಿಟ್ಟೆ.

ಅಮೆರಿಕದಲ್ಲಿ ಮನೋರೋಗಿಗಳ ಉದ್ರೇಕ ತಗ್ಗಿಸುವ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಕೆಗೆ ಬಂದದ್ದು 1954ರಲ್ಲಾದ್ದರಿಂದ, ಅದರ ಹಿಂದಿನ ಮತ್ತು ಮುಂದಿನ ವರದಿಗಳನ್ನು ಬೇರೆಯಾಗಿಯೇ ಓದಿದೆ. ಉದ್ರಿಕ್ತರಾಗಿದ್ದವರು ತಣ್ಣಗಾದರೆ ಹೊರಗೆ ಕರೆದೊಯ್ಯುವುದು ಸುಲಭವಾಗುತ್ತದೆ, ನಿಜ. ಆದರೆ ಆ ಔಷಧಿಯಿಂದ ತೂಕಡಿಕೆ, ಕೈನಡುಕ, ಮೈಬಿಗಿತ ಬರಬಹುದಾದ್ದರಿಂದ ಚೆಂಡು ಹಿಡಿಯುವ ಆಟವೇ ಕೆಲವರಿಗೆ ಕಷ್ಟವಾಗುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುವುದೂ ಅದರ ಅಡ್ಡಪರಿಣಾಮವೇ. ಹೀಗಾಗಿ ನನ್ನ ಪಾಠದ ಕೊನೆಯ ಅಭ್ಯಾಸದಲ್ಲಿ ತರಬೇತಿಗೆ ಬಂದವರು ಪಿಕ್‌ನಿಕ್ಕಿನ ವೇಳೆ ಗೊತ್ತುಮಾಡುವ ಮೊದಲು ಔಷಧಿಪಟ್ಟಿ ತರಿಸಿಕೊಂಡು, ಯಾರಿಗೆ ಟೋಪಿ ಬೇಕು, ಯಾರಿಗೆ ನೆರಳಿನ ಜಾಗ ಬೇಕು ಎಂದು ಗುರುತು ಹಾಕಬೇಕು.